ಪಕ್ಕದ ಗದ್ದೆಯವರ ಸಹಿ: ಸಣ್ಣ ಕೃಷಿಕರು ಗುಂಪಾಗಿ ಸಾವಯವ ಪ್ರಮಾಣಪತ್ರ ಮಾಡಿಸುವ ಬಗೆ

ಅರ್ಧ ಎಕರೆ ಬೈಲುಗದ್ದೆ, ಸ್ವಲ್ಪ ಅಡಿಕೆ, ಮನೆಯ ಬದಿಯಲ್ಲಿ ಮಲ್ಲಿಗೆ, ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಅಲಸಂಡೆ, ಹರಿವೆ, ಮುಳ್ಳುಸೌತೆ. ಉಡುಪಿ ಜಿಲ್ಲೆಯ ಶಿರ್ವ, ಕಟಪಾಡಿ, ಶಂಕರಪುರದ ಕಡೆ ಹೆಚ್ಚಿನವರ ಕೃಷಿ ಇಷ್ಟೇ. ಇಷ್ಟು ಜಾಗಕ್ಕೆ ಹೊರಗಿನ ಸಂಸ್ಥೆಯ ಇನ್‌ಸ್ಪೆಕ್ಟರನ್ನು ಕರೆಸಿ, ಅವರ ಶುಲ್ಕ, ಓಡಾಟದ ಖರ್ಚು ಕೊಟ್ಟರೆ ತರಕಾರಿ ಮಾರಿದ ದುಡ್ಡು ಅಲ್ಲಿಗೇ ಮುಗಿಯುತ್ತದೆ. ಹಾಗಂತ "ನಮ್ಮದು ಮದ್ದು ಹಾಕದ್ದು" ಎಂದು ಬಾಯಲ್ಲಿ ಹೇಳಿದರೆ ಉಡುಪಿಯ ಗಿರಾಕಿ ನಂಬಬೇಕೆಂದೇನೂ ಇಲ್ಲ. ಸಗಟು ಮಾರುಕಟ್ಟೆಯಿಂದ ತಂದು ಮಾರುವವರೂ ಅದನ್ನೇ ಹೇಳುತ್ತಾರೆ.

ನಮ್ಮಂಥವರಿಗೆ ಇರುವ ದಾರಿ ಪಿಜಿಎಸ್ ಇಂಡಿಯಾ, ಅಂದರೆ ಕೃಷಿಕರೇ ಸೇರಿ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ. ಕೇಂದ್ರ ಕೃಷಿ ಸಚಿವಾಲಯದ ವ್ಯವಸ್ಥೆ ಇದು. ಘಾಜಿಯಾಬಾದಿನ ರಾಷ್ಟ್ರೀಯ ಸಾವಯವ ಮತ್ತು ನೈಸರ್ಗಿಕ ಕೃಷಿ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಇಲ್ಲಿ ಜಾಗ ನೋಡಿ ಸಹಿ ಹಾಕುವವರು ಅಕ್ಕಪಕ್ಕದ ಕೃಷಿಕರೇ. ಒಬ್ಬರ ಜಾಗವನ್ನು ಇನ್ನೊಬ್ಬರು ನೋಡುತ್ತಾರೆ, ಗುಂಪು ಕೂತು ತೀರ್ಮಾನ ಮಾಡುತ್ತದೆ, ಪ್ರಾದೇಶಿಕ ಮಂಡಳಿ ಅದನ್ನು ಪರಿಶೀಲಿಸಿ ಒಪ್ಪುತ್ತದೆ. ಸರಕಾರಕ್ಕೆ ಕಟ್ಟುವ ಪ್ರಮಾಣಪತ್ರದ ಶುಲ್ಕ ಇಲ್ಲ. ನಮ್ಮ ಗುಂಪಿನ ಪುಸ್ತಕ ಬರೆಯುವವಳು ನಾನು. ಬೇರೆ ಊರಿನವರು ಬಂದು "ಅಕ್ಕ, ಇದನ್ನು ಸುರು ಮಾಡುವುದು ಹೇಗೆ?" ಎಂದು ಕೇಳುವುದುಂಟು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ನಿಮ್ಮ ಕಾಳುಮೆಣಸೋ ಗೇರುಬೀಜವೋ ವಿದೇಶಕ್ಕೆ ಹೋಗಬೇಕಾದರೆ ಈ ಪ್ರಮಾಣಪತ್ರ ಸಾಲದು. ಅದಕ್ಕೆ 2001ರಿಂದ ಇರುವ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪದ್ಧತಿಯಲ್ಲಿ, ಮಾನ್ಯತೆ ಪಡೆದ ಸಂಸ್ಥೆಯಿಂದಲೇ ಮಾಡಿಸಬೇಕು. ಪಿಜಿಎಸ್ ದೇಶದೊಳಗಿನ ಮಾರಾಟಕ್ಕೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಗಳು ಇವೆರಡನ್ನೂ ಒಪ್ಪಿವೆ.

ಗುಂಪು ಕಟ್ಟುವುದು

ಕನಿಷ್ಠ 5 ಮಂದಿ ಕೃಷಿಕರು ಬೇಕು. ಒಂದೇ ಊರಿನವರು ಅಥವಾ ಹತ್ತಿರದ ಊರಿನವರು ಆಗಿರಬೇಕು. ಇದು ನಿಯಮ. ನಿಯಮದಲ್ಲಿ ಇಲ್ಲದ, ಆದರೆ ನಮ್ಮ ಕರಾವಳಿಯಲ್ಲಿ ತುಂಬ ಮುಖ್ಯವಾದ ಮಾತು ಬೇರೆ ಇದೆ: ಗುಂಪನ್ನು ಸ್ನೇಹ ನೋಡಿ ಕಟ್ಟಬೇಡಿ, ನೀರು ನೋಡಿ ಕಟ್ಟಿ. ನಮ್ಮಲ್ಲಿ ಬೆಟ್ಟುಗದ್ದೆಯ ನೀರು ಮಜಲಿಗೆ, ಮಜಲಿನದ್ದು ಬೈಲಿಗೆ ಇಳಿಯುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆಯೇ ನೀರು ಹರಿಯುವಾಗ ಮೇಲಿನವರು ಹಾಕಿದ ಯೂರಿಯಾ ಕೆಳಗಿನವರ ಗದ್ದೆಗೆ ಬಾರದೆ ಇರುವುದಿಲ್ಲ. ಬೈಲಿನಲ್ಲಿರುವ ನೀವು ಎಷ್ಟೇ ನಿಷ್ಠೆಯಿಂದ ಮಾಡಿದರೂ ಮೇಲಿನ ಗದ್ದೆಯವರು ಹೊರಗೆ ಉಳಿದರೆ ಕಷ್ಟ. ಆದ್ದರಿಂದ ಮೊದಲು ಹೋಗಿ ಮಾತಾಡಬೇಕಾದ್ದು ನಿಮ್ಮ ತೋಡಿನ ಮೇಲ್ಭಾಗದವರ ಹತ್ತಿರ. ಅವರಿಗೆ ಪ್ರಮಾಣಪತ್ರದಲ್ಲಿ ಆಸಕ್ತಿ ಇಲ್ಲದಿದ್ದರೂ, ನಿಮ್ಮ ಕಡೆಗೆ ನೀರು ಬಿಡುವ ಒಂದು ಗದ್ದೆಗಾದರೂ ಗೊಬ್ಬರ ಹಾಕುವ ದಿನ ತಿಳಿಸುವಷ್ಟು ಸಂಬಂಧ ಇಟ್ಟುಕೊಳ್ಳಿ. ಆ ದಿನ ನೀರಿನ ಬಾಯಿ ಕಟ್ಟಬಹುದು.

ನಮ್ಮ ಗುಂಪಿನಲ್ಲಿ ಬಂಟರ ಮನೆ ಉಂಟು, ಬಿಲ್ಲವರ ಮನೆ ಉಂಟು, ಇಗರ್ಜಿಯ ಹತ್ತಿರದ ಬಾಯಮ್ಮನ ಮನೆ ಉಂಟು. ಎಲ್ಲರ ಗದ್ದೆಗೂ ಒಂದೇ ತೋಡಿನ ನೀರು. ಮಹಿಳೆಯರು ಇರಲಿ. ಪುರುಷರ ಹೆಸರಿನಲ್ಲಿ ಆರ್‌ಟಿಸಿ ಇದ್ದರೂ ತರಕಾರಿ ಸಾಲಿಗೆ ಏನು ಬಿತ್ತು ಎಂಬುದು ಹೆಂಗಸರಿಗೇ ಗೊತ್ತಿರುವುದು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಪುಸ್ತಕ ಬರೆದು ಅಭ್ಯಾಸ ಇರುವವರು ಒಬ್ಬರಿದ್ದರೆ ಅರ್ಧ ಕೆಲಸ ಹಗುರ.

ಗುಂಪಾದ ಮೇಲೆ ಒಂದು ಪ್ರಾದೇಶಿಕ ಮಂಡಳಿಯ ಕೆಳಗೆ ನೋಂದಾಯಿಸಬೇಕು. ಸರಕಾರದ ಇಲಾಖೆಗಳು, ಸ್ವಯಂಸೇವಾ ಸಂಸ್ಥೆಗಳು, ಕೃಷಿಕರ ಕಂಪನಿಗಳು ಮಂಡಳಿಯಾಗಿ ಮಾನ್ಯತೆ ಪಡೆದಿರುತ್ತವೆ. ಪಟ್ಟಿ ಪಿಜಿಎಸ್ ಇಂಡಿಯಾ ಜಾಲತಾಣದಲ್ಲಿದೆ. ಹುಡುಕಲು ತೊಂದರೆಯಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೇ ಬ್ರಹ್ಮಾವರ ಅಥವಾ ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. 2015ರಲ್ಲಿ ಸುರುವಾದ ಪರಂಪರಾಗತ್ ಕೃಷಿ ವಿಕಾಸ್ ಯೋಜನೆಯಲ್ಲಿ ನಿಮ್ಮ ಊರಿಗೆ ಜಾಗ ಸಿಕ್ಕಿದರೆ 3 ವರ್ಷ ಸಹಾಯಧನವೂ ಉಂಟು. ಆದರೆ ಸಹಾಯಧನಕ್ಕಾಗಿ ಸೇರಿದವರು ಅದು ನಿಂತ ದಿನ ಬಿಟ್ಟುಹೋಗುತ್ತಾರೆ. ಅದಿಲ್ಲದೆಯೂ ಮಾಡುತ್ತೇನೆ ಎನ್ನುವ 5 ಮಂದಿ ಸಾಕು.

ಕಾಗದಪತ್ರ

ಇದು ಹೆದರುವಷ್ಟು ಇಲ್ಲ. ಪ್ರತಿ ಮನೆಯ ಆರ್‌ಟಿಸಿ, ಆಧಾರ್, ಜಾಗದ ಕೈನಕ್ಷೆ, ಎಷ್ಟು ದನ, ಯಾವ ಬೆಳೆ, ಹಿಂದಿನ ವರ್ಷಗಳಲ್ಲಿ ಏನೇನು ಹಾಕಿದ್ದೀರಿ ಎಂಬ ವಿವರ. ಆರ್‌ಟಿಸಿ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಕೃಷಿ ಮಾಡುವವರು ಯಾರೆಂದು ಮನೆಯವರೆಲ್ಲರ ಒಪ್ಪಿಗೆ ಬರೆಸಿ ಇಟ್ಟುಕೊಳ್ಳಿ. ಗೇಣಿಗೆ ಮಾಡುವ ಗದ್ದೆಯಾದರೆ ಜಾಗದವರ ಕಾಗದ ಬೇಕು. ನೀವು ಬಿಟ್ಟ ಮರುವರ್ಷ ಅವರು ಇನ್ನೊಬ್ಬರಿಗೆ ಕೊಟ್ಟರೆ ನಿಮ್ಮ ಶ್ರಮ ನೀರುಪಾಲು. ಕುಮ್ಕಿಯಿಂದ (ಜಾಗಕ್ಕೆ ತಾಗಿದ ಸರಕಾರಿ ಗುಡ್ಡದಿಂದ) ಸೊಪ್ಪು ತರುವವರು ಅದನ್ನೂ ಹೊರಗಿನಿಂದ ಬಂದ ಗೊಬ್ಬರ ಎಂದು ಬರೆಯಿರಿ. ಅದು ತಪ್ಪಲ್ಲ, ಬರೆಯದಿರುವುದು ತಪ್ಪು.

ಆಮೇಲೆ ಪ್ರತಿಜ್ಞೆ. ಎಲ್ಲರೂ ಸಭೆಯಲ್ಲಿ ಗಟ್ಟಿಯಾಗಿ ಓದಿ ಸಹಿ ಹಾಕಬೇಕು. ಓದಲು ಬಾರದವರಿಗೆ ಓದಿ ಹೇಳಿ, ತುಳುವಿನಲ್ಲಿ ವಿವರಿಸಿ. ದಿನಾಂಕ ಸರಿಯಾಗಿ ಹಾಕಿ, ಏಕೆಂದರೆ ಪರಿವರ್ತನೆಯ, ಅಂದರೆ ರಾಸಾಯನಿಕ ಬಿಟ್ಟು ಪೂರ್ತಿ ಸಾವಯವ ಆಗುವ ಅವಧಿಯ, ಲೆಕ್ಕಕ್ಕೆ ಅದು ಬೇಕು. ಭತ್ತ, ತರಕಾರಿಯಂಥ ಬೆಳೆಗೆ 24 ತಿಂಗಳು, ಅಡಿಕೆ, ತೆಂಗು, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 36 ತಿಂಗಳು. ಅಲ್ಲಿಯವರೆಗೆ ನಿಮಗೆ ಸಿಗುವುದು ಪಿಜಿಎಸ್ ಗ್ರೀನ್. ಅವಧಿ ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್.

ನಮ್ಮ ಕಡೆ ಕಾಲಿಗೆ ತೊಡರುವ ನಿಯಮಗಳು

ನಿಯಮದ ಪುಸ್ತಕ ದೊಡ್ಡದಿದೆ. ಎಲ್ಲ ಕಡೆ ಒಂದೇ ಪುಸ್ತಕ, ಆದರೆ ತೊಡಕು ಊರಿಂದ ಊರಿಗೆ ಬೇರೆ.

ಮೊದಲನೆಯದು ಮಲ್ಲಿಗೆ. ಶಂಕರಪುರದ ಕಡೆ ದಿನದ ಖರ್ಚು ನಡೆಯುವುದೇ ಅದರಿಂದ. ಮೊಗ್ಗಿಗೆ ಹುಳ ಬಿದ್ದರೆ ಮದ್ದು ಬಿಡದೆ ಕೂರುವುದು ಸುಲಭವಲ್ಲ. "ಹೂವು ತಿನ್ನುವುದಲ್ಲವಲ್ಲ, ಅದಕ್ಕೆ ಮಾತ್ರ ಬಿಟ್ಟರೆ ಆಗದಾ?" ಎಂದು ನಮ್ಮಲ್ಲಿಯೂ ಕೇಳಿದರು. ಆಗುವುದಿಲ್ಲ. ಒಂದು ತುಂಡು ಸಾವಯವ, ಇನ್ನೊಂದು ತುಂಡು ರಾಸಾಯನಿಕ ಎಂದು ಇಟ್ಟುಕೊಳ್ಳಲು ಬಿಡುವುದಿಲ್ಲ. ಹಂತ ಹಂತವಾಗಿ ತರಬಹುದು, ಆದರೆ 24 ತಿಂಗಳೊಳಗೆ ಇಡೀ ಹಿಡುವಳಿ, ದನಕರು ಸಮೇತ ಒಳಗೆ ಬರಬೇಕು. ಈ ಮಾತನ್ನು ಮೊದಲ ಸಭೆಯಲ್ಲೇ ಹೇಳಿ. ಮಲ್ಲಿಗೆ ಬಿಡಲಾಗದವರು ಆಗಲೇ ಹಿಂದೆ ಸರಿಯಲಿ, ಯಾರಿಗೂ ಬೇಸರ ಬೇಡ. ನಮ್ಮಲ್ಲಿ ಮಲ್ಲಿಗೆ ಇರುವವರು ಬೇವಿನೆಣ್ಣೆ ಬಿಡುತ್ತಾರೆ, ಹುಳ ಬಿದ್ದ ಮೊಗ್ಗು ಕೊಯ್ದು ಸುಡುತ್ತಾರೆ. ಮಳೆಗಾಲದಲ್ಲಿ ಹೂವು ಕಡಿಮೆಯಾಗುವುದನ್ನು ಒಪ್ಪಿಕೊಂಡಿದ್ದಾರೆ.

ಎರಡನೆಯದು ಅಡಿಕೆಯ ಕೊಳೆರೋಗ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮತ್ತೆ 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡುವುದು ನಮ್ಮ ತಲೆಮಾರುಗಳ ಪದ್ಧತಿ: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತು ನಿಷೇಧಿತ ಪಟ್ಟಿಯಲ್ಲಿಲ್ಲ, ನಿರ್ಬಂಧಿತ ಪಟ್ಟಿಯಲ್ಲಿದೆ. ಅಂದರೆ ಕಣ್ಣು ಮುಚ್ಚಿ ಬಿಡುವಂತಿಲ್ಲ, ಅಗತ್ಯ ಇದೆಯೆಂದು ಗುಂಪು ಒಪ್ಪಬೇಕು, ಎಷ್ಟು ಬಿಟ್ಟಿರಿ ಎಂದು ಬರೆಯಬೇಕು. ತಾಮ್ರ ಮಣ್ಣಿನಲ್ಲಿ ಕರಗಿಹೋಗುವುದಿಲ್ಲ, ವರ್ಷವರ್ಷ ಕೂಡುತ್ತಾ ಹೋಗುತ್ತದೆ ಎಂಬುದು ಇದಕ್ಕೆ ಕಾರಣ. ನೀರು ನಿಲ್ಲದ ಹಾಗೆ ಕಣಿ ಬಿಡಿಸುವುದು, ಕೊಳೆತು ಬಿದ್ದ ಕಾಯಿಯನ್ನು ತೋಟದಲ್ಲಿ ಬಿಡದಿರುವುದು, ಮರ ಹತ್ತುವವರು ಸಿಕ್ಕಿದರೆ ಗೊನೆಗೆ ಮಳೆನೀರು ತಾಗದ ಹಾಗೆ ಕೊಟ್ಟೆ ಕಟ್ಟಿಸುವುದು, ಇಷ್ಟನ್ನೂ ಮಾಡಿ ನೋಡಿದ ಮೇಲೆ ತುತ್ತಿನ ಮಾತು ಬರಲಿ.

ಕೋಳಿಗೊಬ್ಬರದಲ್ಲಿ ಜಾಗ್ರತೆ. ಫಾರ್ಮಿನಿಂದ ಲೋಡುಗಟ್ಟಲೆ ಬರುವ ಬಾಯ್ಲರ್ ಕೋಳಿಯ ಗೊಬ್ಬರ ಸಾವಯವ ಅಲ್ಲ. ಅಲ್ಲಿನ ಕೋಳಿಗೆ ಕೊಡುವ ಔಷಧ ಗೊಬ್ಬರದಲ್ಲಿ ಬರುತ್ತದೆ. ಘಟ್ಟದ ಮೇಲಿನಿಂದ ಬರುವ ಕುರಿಗೊಬ್ಬರವಾದರೆ ಎಲ್ಲಿಂದ ಬಂತು, ಎಷ್ಟು ಚೀಲ ಎಂದು ಬರೆದಿಡಿ. ಹಟ್ಟಿಗೊಬ್ಬರ, ಸುಡುಮಣ್ಣು, ಗೊಬ್ಬರಗಿಡದ ಸೊಪ್ಪು ಇವಕ್ಕೆ ಯಾವ ಅಡ್ಡಿಯೂ ಇಲ್ಲ. ನಮ್ಮ ಮುರಕಲ್ಲಿನ ಹುಳಿಮಣ್ಣಿಗೆ ಸುಣ್ಣ ಹಾಕಬಹುದು, ಮಣ್ಣು ಪರೀಕ್ಷೆ ಮಾಡಿಸಿ ಹಾಕಿ.

ಯೂರಿಯಾ ಚೀಲ. ಅಂಗಡಿಯಿಂದ ತಂದ ಖಾಲಿ ಗೊಬ್ಬರದ ಚೀಲದಲ್ಲಿ ಭತ್ತ ತುಂಬಿಸುವುದು, ಅದರಲ್ಲೇ ತರಕಾರಿ ಕಟ್ಟುವುದು ಮನೆಮನೆಯಲ್ಲಿ ಉಂಟು. ಪ್ರಮಾಣಪತ್ರ ಬೇಕೆಂದವರ ಮನೆಯಲ್ಲಿ ಆ ಚೀಲ ಇರಲೇಬಾರದು, ಬಾಗಿಲ ಕಾಲೊರಸಿಗೂ ಬೇಡ. ಹಾಗೆಯೇ ಬಾಡಿಗೆ ಪಂಪು: ನಿನ್ನೆ ಯಾರದೋ ರಬ್ಬರ್ ತೋಟಕ್ಕೆ ಕಳೆನಾಶಕ ಬಿಟ್ಟ ಪಂಪಿನಲ್ಲಿ ಇವತ್ತು ನೀವು ಗೋಮೂತ್ರ ಬಿಟ್ಟರೆ ಏನು ಬಂತು? ಗುಂಪಿಗೆ ಒಂದು ಸ್ವಂತ ಪಂಪು ತೆಗೆದುಕೊಳ್ಳಿ. ನಾವು ಮಾಡಿದ ಮೊದಲ ಒಟ್ಟು ಖರ್ಚು ಅದೇ.

ಬೀಜ. ಗುಲಾಬಿಯೋ ನೀಲಿಯೋ ಬಣ್ಣದ ಮದ್ದು ಲೇಪಿಸಿದ ಪ್ಯಾಕೆಟ್ ಬೀಜ ಬೇಡ, ಕುಲಾಂತರಿ ಬೀಜ ಸುತರಾಂ ಬೇಡ. ಈ ಮಾತಿನ ಬೆಲೆ ಉಡುಪಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ನಮ್ಮ ಮಟ್ಟುಗುಳ್ಳ ಬದನೆಗೇ ಬಿಟಿ ವಂಶವಾಹಿ ಸೇರಿಸುವ ಕೆಲಸ ನಡೆದಿತ್ತು. ದೇಶದಲ್ಲೆಲ್ಲ ವಿರೋಧ ಬಂದು 2010ರಲ್ಲಿ ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ಹಾಕಿತು. ಮರುವರ್ಷ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು. ಬೀಜಕ್ಕೆ ಬಿಟ್ಟ ಗುಳ್ಳ ಒಲೆಯ ಮೇಲಿನ ಅಟ್ಟದಲ್ಲಿ ಇರುವ ಮನೆಯವರು ಗುಂಪಿನಲ್ಲಿದ್ದರೆ ಅದೇ ದೊಡ್ಡ ಆಸ್ತಿ.

ಗಾಳಿಯ ವಿಷಯ. ಪಕ್ಕದವರು ಬಿಟ್ಟ ಮದ್ದು ಹಾರಿ ಬಾರದ ಹಾಗೆ ಗಡಿಯಲ್ಲಿ ದಟ್ಟ ಬೇಲಿ ಬೇಕು. ದಾಸವಾಳ, ಗೊಬ್ಬರಗಿಡ, ಆಡುಸೋಗೆ ಯಾವುದಾದರೂ ಆಗುತ್ತದೆ. ಬೇಲಿ ಇಲ್ಲದ ಕಡೆ ಅಂಚಿನ ಒಂದೆರಡು ಸಾಲಿನ ಬೆಳೆಯನ್ನು ಬೇರೆಯೇ ಕೊಯ್ದು ಸಾವಯವ ಎಂದು ಮಾರದೆ ಇಡಿ. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರ ಮೇಲೆ ಗೇರು ತೋಟಕ್ಕೆಂದು ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತೆಂದು ನಮ್ಮ ಜಿಲ್ಲೆಗಳವರಿಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸುವ ಹೊತ್ತಿಗೆ ಹಾಸಿಗೆ ಹಿಡಿದ ಮಕ್ಕಳು ದೊಡ್ಡವರಾಗಿದ್ದರು. ಗಾಳಿಯಲ್ಲಿ ಬರುವ ವಿಷವನ್ನು ಸಣ್ಣ ವಿಷಯ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೂರುವುದಿಲ್ಲ.

ಒಬ್ಬರ ಜಾಗ ಇನ್ನೊಬ್ಬರು ನೋಡುವುದು

ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಇದು ಸರಿಯಾಗಿ ಆಗದಿದ್ದರೆ ಉಳಿದದ್ದೆಲ್ಲ ಬರೀ ಕಾಗದ.

ಪ್ರತಿ ಜಾಗಕ್ಕೆ ಕನಿಷ್ಠ ಮೂವರು ಹೋಗಿ, ಅವರಲ್ಲಿ ಒಬ್ಬರಿಗಾದರೂ ಓದು ಬರಹ ಚೆನ್ನಾಗಿ ಬರಲಿ. ನನ್ನ ಜಾಗ ನೀವು ನೋಡಿದರೆ ನಿಮ್ಮ ಜಾಗ ನಾನು ನೋಡಬಾರದು. ಹಾಗಾದರೆ "ನನ್ನದು ನೀವು ಬಿಡಿ, ನಿಮ್ಮದು ನಾನು ಬಿಡುತ್ತೇನೆ" ಎಂಬ ಒಳಮಾತಿಗೆ ದಾರಿಯಾಗುತ್ತದೆ. ಸಂಬಂಧಿಕರನ್ನೂ ಆ ಮನೆಗೆ ಕಳಿಸಬೇಡಿ. ಏಣೆಲಿಗೆ ಒಮ್ಮೆ, ಮಳೆ ಬಿಟ್ಟು ತರಕಾರಿ ಇರುವಾಗ ಒಮ್ಮೆ ಹೋಗುವುದು ನಮ್ಮ ಕ್ರಮ. ಬರುವ ದಿನ ಮನೆಯವರಿಗೆ ತಿಳಿಸಿ. ಎಲ್ಲಿಂದ ನೋಡಲು ಸುರು ಮಾಡುತ್ತೀರಿ ಎಂದು ತಿಳಿಸಬೇಡಿ.

ಅಂಗಳಕ್ಕೆ ಹೋದ ಕೂಡಲೇ ಬೆಲ್ಲ ನೀರು, ಚಾ, ಅವಲಕ್ಕಿ ಬರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಮೊದಲು ಹಟ್ಟಿಯ ಹಿಂದೆ ಹೋಗುತ್ತೇನೆ, ಆಮೇಲೆ ಸೌದೆ ಕೊಟ್ಟಿಗೆ, ಪಂಪ್‌ಶೆಡ್, ಗೊಬ್ಬರದ ಗುಂಡಿ. ಹಳೆಯ ಡಬ್ಬಿ, ಹರಿದ ಚೀಲ ಇರುವುದು ಇಂಥಲ್ಲೇ. ನಂತರ ಗದ್ದೆಗೆ. ಕಳೆಯನ್ನು ನೋಡಿ: ಕತ್ತಿಯಲ್ಲಿ ಸವರಿದ ಹುಲ್ಲು ಬುಡದಿಂದ ಹಸಿರು ಚಿಗುರುತ್ತದೆ, ಕಳೆನಾಶಕ ಬಿದ್ದದ್ದು ಬುಡ ಸಮೇತ ಒಂದೇ ಬಣ್ಣಕ್ಕೆ ಹಳದಿಯಾಗಿ ಕಂದಾಗುತ್ತದೆ. ಭತ್ತದ ಗದ್ದೆಯಲ್ಲಿ ಒಂದು ಪಟ್ಟಿ ಮಾತ್ರ ಕಡುಹಸಿರು ಇದ್ದರೆ ಯಾಕೆಂದು ಕೇಳಿ. ಗೊಬ್ಬರ ರಾಶಿ ಹಾಕಿದ ಜಾಗ ಇರಬಹುದು, ಬೇರೆ ಏನೋ ಇರಬಹುದು. ಒಂದು ಹಿಡಿ ಮಣ್ಣು ತೆಗೆದು ಎರೆಹುಳ ಇದೆಯೇ ನೋಡಿ. ಬಸಳೆಯ ಎಲೆಯಲ್ಲಿ ತೂತಿದೆಯೆಂದು ಅದನ್ನೇ ಸಾಕ್ಷಿ ಮಾಡಬೇಡಿ, ಮದ್ದು ಬಿಟ್ಟ ಬಸಳೆಗೂ ಹುಳ ಬರುತ್ತದೆ.

ಲೆಕ್ಕ ಕೇಳುವುದು ನೋಡುವುದಕ್ಕಿಂತ ಮುಖ್ಯ. ಎಷ್ಟು ದನ, ವರ್ಷಕ್ಕೆ ಎಷ್ಟು ಬುಟ್ಟಿ ಗೊಬ್ಬರ, ಎಷ್ಟು ಜಾಗಕ್ಕೆ ಹಾಕಿದ್ದು? ಒಂದೇ ದನ ಇದ್ದು ಒಂದೂವರೆ ಎಕರೆಗೂ ಸಾಕಷ್ಟು ಗೊಬ್ಬರ ಹಾಕಿದ್ದೇನೆ ಎಂದರೆ ಉಳಿದದ್ದು ಎಲ್ಲಿಂದ ಬಂತು? ಅಲಸಂಡೆ ಎಷ್ಟು ಸಾಲು, ಎಷ್ಟು ಕಿಲೋ ಮಾರಿದಿರಿ? ಬೆಳೆದದ್ದಕ್ಕಿಂತ ಹೆಚ್ಚು ಮಾರಿದ್ದರೆ ಹೊರಗಿನದ್ದು ಸೇರಿಸಿದ್ದಾರೆ ಎಂದೇ ಅರ್ಥ. ಗದ್ದೆಗೆ ಮದ್ದು ಹಾಕುವುದಕ್ಕಿಂತ ದೊಡ್ಡ ಮೋಸ ಇದು, ಏಕೆಂದರೆ ಇದರಲ್ಲಿ ಇಡೀ ಗುಂಪಿನ ಹೆಸರು ಮಾರಾಟವಾಗುತ್ತದೆ. ಅಕ್ಕಿ ಮಾಡಿಸುವ ಮಿಲ್ಲಿನ ಬಗ್ಗೆಯೂ ಕೇಳಿ. ಕುಚ್ಚಲಕ್ಕಿ ಮಾಡಿಸುವಾಗ ನಮ್ಮ ಭತ್ತ ಬೇರೆಯವರದ್ದರ ಜತೆ ಬೆರೆಯದ ಹಾಗೆ ದಿನದ ಮೊದಲ ಪಾಳಿ ಹಿಡಿಯಬೇಕು, ಯಂತ್ರ ಗುಡಿಸಿಸಬೇಕು.

ಕೇಳುವ ಮಾತಿನಲ್ಲಿ ಮರ್ಯಾದೆ ಇರಲಿ. "ಮದ್ದು ಬಿಟ್ಟಿದ್ದೀರಾ?" ಎಂದರೆ ಎದುರಿನವರು ಇಲ್ಲ ಎಂದೇ ಹೇಳುತ್ತಾರೆ, ಅಲ್ಲಿಗೆ ಬಾಗಿಲು ಮುಚ್ಚಿತು. ಒಮ್ಮೆ ನಮ್ಮ ಗುಂಪಿನ ಹಿರಿಯರೊಬ್ಬರ ದಾರಿ ಬದಿಯಲ್ಲಿ ಹುಲ್ಲು ಉದ್ದಕ್ಕೆ ಒಣಗಿತ್ತು. ಜತೆಗಿದ್ದ ಬಾಯಮ್ಮ ಕೇಳಿದ್ದು ಇಷ್ಟೇ: "ಅಣ್ಣ, ಈ ಕರೆಯ ಹುಲ್ಲು ಯಾಕೆ ಹೀಗಾಯ್ತು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಜೆಯಲ್ಲಿ ಬಂದ ಮಗ ಹೊಡೆದ ಮಾರಾಯ್ತಿ, ಹಾವು ಬರ್ತದೆ ಅಂತ. ನಾನು ಮನೆಯಲ್ಲಿರಲಿಲ್ಲ" ಎಂದರು. ಅದನ್ನು ಹಾಗೆಯೇ ಬರೆದೆವು. ಸಭೆಯಲ್ಲಿ ಅವರೂ ಇದ್ದರು. ಆ ತುಂಡಿನ ಪರಿವರ್ತನೆಯ ಲೆಕ್ಕ ಮತ್ತೆ ಮೊದಲಿನಿಂದ ಎಂದು ತೀರ್ಮಾನವಾಯಿತು, ಆ ನಿರ್ಣಯಕ್ಕೆ ಅವರೇ ಸಹಿ ಹಾಕಿದರು. ಗುಂಪು ಗಟ್ಟಿಯಾದದ್ದು ಆ ಸಭೆಯಿಂದ ಎಂದು ನನಗೆ ಅನ್ನಿಸುತ್ತದೆ. ಇವತ್ತಿಗೂ ಅವರು ಬೇರೆಯವರ ಜಾಗ ನೋಡಲು ಹೋದರೆ ಎಲ್ಲರಿಗೂ ಧೈರ್ಯ.

ಕಂಡದ್ದನ್ನು ಅಲ್ಲೇ, ಆ ಮನೆಯ ಜಗಲಿಯಲ್ಲೇ ಕೂತು ಬರೆಯಿರಿ, ಮನೆಯವರಿಗೆ ಓದಿ ಹೇಳಿ. ಮನೆಗೆ ಬಂದು ನೆನಪು ಮಾಡಿ ಬರೆಯುವ ಅಭ್ಯಾಸ ಬೇಡ. "ಎಲ್ಲ ಸರಿ ಇದೆ" ಎಂಬ ಒಂದು ಸಾಲಿನ ವರದಿಯನ್ನು ನಾನು ತೆಗೆದುಕೊಳ್ಳುವುದೇ ಇಲ್ಲ. ಸರಿ ಇರುವುದಾದರೆ ಏನು ನೋಡಿ ಸರಿ ಎಂದಿರಿ? ಅದನ್ನು ಬರೆಯಿರಿ.

ಸಭೆಯಿಂದ ಪ್ರಮಾಣಪತ್ರಕ್ಕೆ

ಎಲ್ಲರ ಜಾಗ ನೋಡಿಯಾದ ಮೇಲೆ ಗುಂಪಿನ ಸಭೆ. ಒಂದೊಂದೇ ವರದಿ ಓದಿ, ಯಾರಿಗೆ ಗ್ರೀನ್, ಯಾರಿಗೆ ಆರ್ಗ್ಯಾನಿಕ್, ಯಾರಿಗೆ ಈ ಸಲ ಇಲ್ಲ ಎಂದು ತೀರ್ಮಾನಿಸಿ, ಹಾಜರಿದ್ದವರ ಸಹಿ ಹಾಕಿಸಿ. ಸಭೆಗೆ, ತರಬೇತಿಗೆ ಬಾರದವರ ಬಗ್ಗೆಯೂ ಗುಂಪು ಮಾತಾಡಬೇಕು. ಬರುವುದೂ ಕರಾರಿನ ಭಾಗವೇ. ಸಾರಾಂಶದ ಹಾಳೆ ಜಾಲತಾಣಕ್ಕೆ ಹೋಗುತ್ತದೆ. ಮೊಬೈಲ್ ತಿಳಿದ ಮಕ್ಕಳು ಒಬ್ಬರಿದ್ದರೆ ಸಾಕು. ಪ್ರಾದೇಶಿಕ ಮಂಡಳಿಯವರು ಕಾಗದ ನೋಡಿ, ಬೇಕೆನಿಸಿದರೆ ಜಾಗಕ್ಕೂ ಬಂದು ಒಪ್ಪಿದ ಮೇಲೆ ಗುರುತಿನ ಸಂಖ್ಯೆಯುಳ್ಳ ಪ್ರಮಾಣಪತ್ರ ಬರುತ್ತದೆ. ಅದು 12 ತಿಂಗಳಿಗೆ ಮಾತ್ರ. ಪ್ರತಿ ವರ್ಷ ಇದೇ ಕ್ರಮ ಮತ್ತೆ.

ಮಾರುವಾಗ ಗ್ರೀನ್ ಇದ್ದವರು ಗ್ರೀನ್ ಎಂದೇ ಹೇಳಿ. ಮಂಗಳೂರಿನ ಪಂಜೆ ಮಂಗೇಶರಾವ್ ರಸ್ತೆಯ ಭಾನುವಾರದ ಸಾವಯವ ಸಂತೆಗೆ ಬರುವಂಥ ಗಿರಾಕಿಗಳು ಪ್ರಶ್ನೆ ಕೇಳಿಯೇ ತೆಗೆದುಕೊಳ್ಳುವವರು. "ನಮ್ಮದು ಪರಿವರ್ತನೆಯ ಎರಡನೇ ವರ್ಷ, ಇನ್ನು ಇಷ್ಟು ತಿಂಗಳು ಬಾಕಿ" ಎಂದರೆ ಅವರಿಗೆ ಅರ್ಥವಾಗುತ್ತದೆ. ಸಣ್ಣ ಕೃಷಿಕರು ತಾವೇ ನೇರವಾಗಿ ಬಳಕೆದಾರರಿಗೆ ಮಾರುವುದಾದರೆ 2017ರ ನಿಯಮದಲ್ಲಿ ಪ್ರಮಾಣಪತ್ರದಿಂದ ವಿನಾಯಿತಿಯೂ ಉಂಟು. ಹಾಗಾದರೆ ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾರೆ. ಅಂಗಡಿಗೆ ಕೊಡುವಾಗ, ಅಕ್ಕಿಯನ್ನು ಪ್ಯಾಕ್ ಮಾಡಿ ಹೆಸರು ಹಾಕುವಾಗ ಇದು ಬೇಕೇ ಬೇಕು. ಮುದ್ರೆ ಹಾಕಿದ ಪೊಟ್ಟಣದ ಮೇಲೆ ಗುಂಪಿನ ಹೆಸರು, ಗುರುತಿನ ಸಂಖ್ಯೆ, ಗ್ರೀನೋ ಆರ್ಗ್ಯಾನಿಕ್ಕೋ ಎಂಬುದು, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರಲಿ.

ಸುರು ಮಾಡುವ ಕಾಲ ಯಾವುದೆಂದರೆ, ಸುಗ್ಗಿ (ಎರಡನೇ ಭತ್ತದ ಬೆಳೆ) ಕೊಯ್ಲಾಗಿ ಪತ್ತನಾಜೆಗೆ (ಮೇ ಕೊನೆಯ ವಾರ) ಮುಂಚೆ. ಆಗ ಎಲ್ಲರಿಗೂ ಸ್ವಲ್ಪ ಬಿಡುವು, ಗದ್ದೆಯ ಅಂಚು, ತೋಡಿನ ದಾರಿ ಎಲ್ಲ ಕಣ್ಣಿಗೆ ಕಾಣುತ್ತದೆ, ಕೈನಕ್ಷೆ ಬರೆಯಲು ಸುಲಭ. ಪ್ರತಿಜ್ಞೆ ಆಗಲೇ ಆದರೆ ನೇಜಿ (ಭತ್ತದ ಸಸಿ) ಹಾಕುವ ಮೊದಲೇ ಬೀಜ, ಗೊಬ್ಬರದ ಲೆಕ್ಕ ಪುಸ್ತಕಕ್ಕೆ ಬರುತ್ತದೆ, ಮತ್ತು ಆಟಿಯ ನೀರು ಇಳಿದ ಕೂಡಲೇ ಮೊದಲ ಸಲ ಜಾಗ ನೋಡಲು ಹೊರಡಬಹುದು. ಮನೆಗೊಂದು ಉದ್ದದ ನೋಟ್‌ಬುಕ್, ಗುಂಪಿಗೊಂದು. ದಿನಾಂಕ, ಯಾವ ಗದ್ದೆ, ಏನು ಹಾಕಿದ್ದು, ಎಷ್ಟು, ಎಲ್ಲಿಂದ ಬಂತು. ಈ ಐದು ಕಾಲಂ ಗೀಟು ಹಾಕಿ ಮೊದಲ ಸಭೆಯಲ್ಲೇ ಎಲ್ಲರ ಕೈಗೆ ಕೊಡಿ.